ಬಿಸಿಲಿಗೆ ಹೆದರುತ್ತಿದ್ದ ಸುಬೇದಾರರು

ಮೊನ್ನೆ ಮೊಮ್ಮಗಳು ತುಪ್ಪದಲ್ಲಿ ರವೆ ಹುರಿಯುತ್ತಿದ್ದಳು. ಆ ಘಮ ಹಜಾರಕ್ಕೆ ಬಂದದ್ದೇ ತಡ, ಚಾಮರಾಜಪುರದ ನಮ್ಮ ಹಳೆಯ ಮನೆಯ ಜಗಲಿ, ಅಲ್ಲಿ ಕಾಲು ಚಾಚಿ ಕೂತ ಎದುರುಮನೆಯ ಸುಬೇದಾರರು ಕಣ್ಣಮುಂದೆ ಬಂದುಬಿಟ್ಟರು. ರವೆಉಂಡೆ ಎಂದರೆ ಅವರಿಗೆ ಪ್ರಾಣ. ತಿನ್ನುವಷ್ಟು ತಿಂದು, ಇನ್ನೊಂದನ್ನು "ದಾರಿ ಖರ್ಚಿಗೆ" ಎಂದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ದಾರಿಯೇನು ಮಹಾ, ರಸ್ತೆ ದಾಟಿದರೆ ಅವರ ಮನೆ!

ಸ್ವಾತಂತ್ರ್ಯ ಬಂದ ವರ್ಷ ಪಟಾಲಮ್ಮಿನ ಜೊತೆ ಕಾಶ್ಮೀರಕ್ಕೆ ಹೋದವರು, ಎಡಗಾಲಿನ ಎರಡು ಬೆರಳನ್ನು ಹಿಮಕ್ಕೆ ಒಪ್ಪಿಸಿ ಬಂದಿದ್ದರು. ಕೇಳಿದವರಿಗೆ "ಅಲ್ಲೇ ಬಾಡಿಗೆಗೆ ಬುಟ್ಟು ಬಂದಿದೀನಿ ಕಣ್ರೀ" ಎನ್ನುತ್ತಿದ್ದರು.

ಚೀನಾ ಯುದ್ಧ ಮುಗಿದ ಮರುವರ್ಷ. ನನಗೆ ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ನಮ್ಮ ಯಜಮಾನರು ಸೈನ್ಯದಲ್ಲಿ, ಲಡಾಖಿನ ಕಡೆ ಯಾವುದೋ ಬೆಟ್ಟದ ಮೇಲಿದ್ದರು. ಯುಗಾದಿಗೆ ರಜೆ ಸಿಕ್ಕಿದೆ, ಬರುತ್ತೇನೆ ಎಂದು ಬರೆದಿದ್ದರು. ಅತ್ತೆ ಉಂಡೆ ಕಟ್ಟುತ್ತಾ, "ಚಳಿ ಕಳೀತು, ಬಿಸಿಲು ಬಂದ್ಬುಡ್ತು. ಇನ್ನೇನ್ ಭಯ ಇಲ್ಲ ಕಣಮ್ಮ" ಎಂದರು. ಮೈಸೂರಿನವರಾದ ನಮಗೆ ಬಿಸಿಲೆಂದರೆ ಹಪ್ಪಳ ಒಣಗುತ್ತದೆ, ಅಷ್ಟೇ ಗೊತ್ತು. ಸುಬೇದಾರರು ಮಾತ್ರ ಬಾಯಿಗಿಡಲಿದ್ದ ಉಂಡೆಯನ್ನು ವಾಪಸು ತಟ್ಟೆಗಿಟ್ಟುಬಿಟ್ಟರು.

ನಾನು ಬಿಡಲಿಲ್ಲ, ಏನೆಂದು ಕೇಳಿದೆ. ಅವರು ಹಿತ್ತಾಳೆ ತಟ್ಟೆಯಲ್ಲಿ ದಪ್ಪ ಸಕ್ಕರೆ ಹರವಿ, ಅದರ ಮೇಲೆ ರವೆ ಹರಡಿದರು.

"ಕೆಳಗಿರೋದು ಹಳೇ ಹಿಮ, ಕಾಳು ಕಾಳು. ಮೇಲಿರೋದು ಹೊಸದು. ರಾತ್ರಿ ಎರಡೂ ಹೆಪ್ಪುಗಟ್ಟಿ ಹಿಡ್ಕೊಂಡಿರ್ತವೆ. ಬಿಸಿಲು ಕಾಯ್ತು ಅಂದ್ರೆ ನೀರು ಒಳಗಿಳಿದು ಹಿಡಿತ ಬುಟ್ಬುಡ್ತದೆ."

ತಟ್ಟೆಯನ್ನು ಮೆಲ್ಲಗೆ ಓರೆ ಮಾಡಿದರು. ಏನೂ ಆಗಲಿಲ್ಲ. ಇನ್ನಷ್ಟು ಓರೆ ಮಾಡಿದರು... ಒಮ್ಮೆಲೇ ರವೆಯೆಲ್ಲ ಜಾರಿ ನನ್ನ ಮಡಿಲಿಗೆ ಬಿತ್ತು.

"ಹೊತ್ತು ಹುಟ್ಟೋಕ್ ಮುಂಚೆ ಆ ಇಳಿಜಾರು ದಾಟಿದ್ರೆ ಅಷ್ಟು ಭಯ ಇಲ್ಲ. ಬಿಸಿಲೇರಿದ್ ಮೇಲೆ ಅವಸರ ಬೀಳಬಾರದು. ಇವನಿಗೆ ಹೆಂಡ್ತಿ ನೋಡೋ ಅವಸರ ಬೇರೆ."

ಅತ್ತೆಗೆ ರೇಗಿಹೋಯಿತು. "ಹೊಸ ಹುಡುಗಿಗೆ ಇದೆಲ್ಲ ಹೇಳ್ಬೇಕಿತ್ತಾ?"

"ಕೇಳಿದ್ಳು ಕಣಮ್ಮ. ಸುಳ್ಳು ಹೇಳ್ಲಾ?"

ಯುಗಾದಿ ಬಂತು, ಯಜಮಾನರು ಬರಲಿಲ್ಲ. ರೇಡಿಯೋದ ವಾರ್ತೆಯಲ್ಲಿ "ಹಿಮಪಾತ" ಎಂದರು. ಮಂಜು ಬಿದ್ದಿದೆಯಂತೆ, ಅಷ್ಟೇ ಎಂದರು ಅತ್ತೆ. ಆಕಾಶದಿಂದ ಬಿದ್ದ ಹಿಮವೋ, ಬೆಟ್ಟದಿಂದ ಕುಸಿದ ಹಿಮವೋ? ಎರಡಕ್ಕೂ ನಮ್ಮಲ್ಲಿ ಅದೊಂದೇ ಮಾತು. ಸುಬೇದಾರರ ಮುಖ ನೋಡಿದೆ. ಗೊತ್ತಿಲ್ಲವೆಂದು ತಲೆಯಾಡಿಸಿದರು. ಅಂದಿನಿಂದ ಬೆಳಗಾದರೆ ಬಂದು, ದೀಪ ಹಚ್ಚುವವರೆಗೂ ನಮ್ಮ ಜಗಲಿಯಲ್ಲೇ ಕೂರುತ್ತಿದ್ದರು. ಸಮಾಧಾನದ ಒಂದು ಮಾತೂ ಇಲ್ಲ. ನನ್ನ ಜೊತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಬಿಡಿಸಿದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು ಅನ್ನಿ.

ಕೊನೆಗೊಂದು ಮಧ್ಯಾಹ್ನ ಯಜಮಾನರು ಜಟಕಾದಿಂದ ಇಳಿದರು. ಅವರಿಗಿಂತ ಮುಂದೆ ಹೊರಟಿದ್ದ ಗುಂಪಿನ ಮೇಲೆ ಹಿಮ ಕುಸಿದಿತ್ತಂತೆ, ದಾರಿ ಮುಚ್ಚಿಹೋಗಿ ಇವರನ್ನು ತಡೆದಿದ್ದರಂತೆ. ಸುಬೇದಾರರು "ಬೂಟು ಬಿಚ್ಚೋ" ಎಂದರು. ನೆಲದ ಮೇಲೆ ಕೂತು ಒಂದೊಂದೇ ಬೆರಳನ್ನು ಮುಟ್ಟಿ ನೋಡಿದರು. ಆಮೇಲೆ ಆ ಪಾದಗಳನ್ನು ಹಿಡಿದುಕೊಂಡೇ ಗೊಳೋ ಎಂದು ಅತ್ತುಬಿಟ್ಟರು.

"ನಮ್ ಹುಡುಗ್ರನ್ನ ನಾನೇ ನಿಲ್ಸಿದ್ದೆ ಕಣೋ... ಬಿಸಿಲು ಬರ್ಲಿ, ಒಸಿ ಮೈ ಬೆಚ್ಚಗಾಗ್ಲಿ, ಆಮೇಲೆ ದಾಟೋಣ ಅಂತ..."

ಅಷ್ಟು ವರ್ಷದಲ್ಲಿ ಅವರು ಆ ಮಾತು ಆಡಿದ್ದು ಅದೊಂದೇ ಸಲ. ಅತ್ತೆ ಒಳಗೆ ಹೋಗಿ ಅವರಿಗೆ ನೀರು ತಂದುಕೊಟ್ಟರು.

ಸುಬೇದಾರರು ಹೋಗಿ ಎಷ್ಟೋ ಕಾಲವಾಯಿತು. ಹೋದ ವರ್ಷ ನಮ್ಮ ಯಜಮಾನರು ಆಸ್ಪತ್ರೆಯಲ್ಲಿದ್ದಾಗ ಮಕ್ಕಳು, ನೆಂಟರು, ಡಾಕ್ಟರು, ಎಲ್ಲರೂ ನನಗೆ ಧೈರ್ಯ ಹೇಳಿದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಮಾತ್ರ, ಭಯ ಇದೆ ಎಂದು ಒಪ್ಪಿಕೊಂಡು ಪಕ್ಕದಲ್ಲಿ ಕೂರುವವರೊಬ್ಬರು ಬೇಕಿತ್ತು. ಯಜಮಾನರು ಮನೆಗೆ ಬರಲಿಲ್ಲ... ಅವರು ಬರುವುದಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು, ಯಾರ ಹತ್ತಿರವೂ ಹೇಳಲಿಲ್ಲ.