ಹಳಿಯ ಮೇಲಿನ ಆಣೆ

ಯಲಿಯೂರಿನ ಯಶೋದಮ್ಮ ಅಂಗನವಾಡಿ ಸಹಾಯಕಿ. ಸಭೆ, ಭಾಷಣ ಎಂದರೆ ದೂರ. ಆ ವರ್ಷ ತಮಿಳುನಾಡಿಗೆ ನೀರು ಬಿಡಬೇಕೆಂಬ ಆದೇಶ ಬಂದು ಜಿಲ್ಲೆಯೆಲ್ಲ ಬಂದ್ ಆದಾಗ, ನೆರೆಮನೆಯ ಶಶಿರೇಖಾ ಕರೆದಳೆಂದು ರೈಲು ತಡೆಗೆ ಹೋದರು.

ಹಳಿಯ ಪಕ್ಕ ಪಕ್ಷವೊಂದರ ಮುಖಂಡ ದೊಡ್ಡಸಿದ್ದಯ್ಯ ಮೈಕು ಹಿಡಿದಿದ್ದರು. "ಕೆರಗೋಡಿನ ಭತ್ತ ಒಣಗಿದ್ರೆ ಯಾರ ಹೊಟ್ಟೆ ಉರಿಯುತ್ತೆ?" ಎಂದು ಕೇಳಿದರು. "ನಮ್ದು!" ಎಂದರು ಜನ. ಆಮೇಲೆ ದಿಲ್ಲಿಗೆ ಎಚ್ಚರಿಕೆ ಕೊಟ್ಟರು. ತಟ್ಟನೆ ದನಿ ತಗ್ಗಿಸಿ, "ನಾನು ನಿಮ್ಮನೆ ಮಗ" ಎಂದರು. ಕೊನೆಗೆ, "ಎಲ್ಲಾರೂ ಕೈ ಎತ್ತಿ. ನೀರು ನಿಲ್ಲೋವರ್ಗೂ ಹಳಿ ಬುಟ್ಟು ಏಳಾಕಿಲ್ಲ ಅಂತ ಕಾವೇರಮ್ಮನ ಮೇಲೆ ಆಣೆ ಮಾಡಿ!"

ಎಲ್ಲರ ಜೊತೆ ಯಶೋದಮ್ಮನ ಕೈಯೂ ಮೇಲೆದ್ದಿತು. ಕೈ ಇಳಿಸಿ ಹಳಿಯ ಮೇಲೆ ಭದ್ರವಾಗಿ ಕೂತರು.

ಮಧ್ಯಾಹ್ನ ಅಧಿಕಾರಿಗಳು ಬಂದು ಮಾತಾಡಿ ಹೋದರು. ದೊಡ್ಡಸಿದ್ದಯ್ಯ ಮತ್ತೆ ಮೈಕು ಹಿಡಿದು, "ನಮ್ಮ ಮನವಿ ಸ್ವೀಕರಿಸಿದ್ದಾರೆ. ಹೋರಾಟ ಗೆದ್ದಿದೆ ಎಂದು ಘೋಷಿಸುತ್ತೇನೆ" ಎಂದರು. ಜನ ಚಪ್ಪಾಳೆ ತಟ್ಟಿ, ಬಟ್ಟೆ ಕೊಡವಿಕೊಂಡು ಎದ್ದರು. ಯಶೋದಮ್ಮ ಕೂತೇ ಇದ್ದರು.

"ಏಳಕ್ಕ, ಗೆದ್ದಾಯ್ತಂತಲ್ಲ" ಎಂದಳು ಶಶಿರೇಖಾ.

"ನೀರು ನಿಂತೋಯ್ತಾ?"

"ಇಲ್ಲ ಕಣಕ್ಕ."

"ಮತ್ತೆ? ಆಣೆ ಮಾಡಿವ್ನಿ ಕಣೆ."

ಸುದ್ದಿ ಕೇಳಿ ದೊಡ್ಡಸಿದ್ದಯ್ಯನೇ ಬಂದರು. ಮೊದಲು ಅಪ್ಪಣೆ ಮಾಡಿದರು, ಆಮೇಲೆ ಹೊಗಳಿದರು. ಯಶೋದಮ್ಮ ಅಲುಗದಿದ್ದಾಗ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ, "ಅದು ಜನಾನ ಹುರಿದುಂಬಿಸೋಕೆ ಆಡಿದ ಮಾತವ್ವ. ತಪ್ಪಾಯ್ತು, ಬುಡಿ" ಎಂದರು.

"ಆಣೆ ಮಾಡ್ಸಿದ್ದು ಮೈಕಲ್ಲಿ. ತಪ್ಪಾಯ್ತು ಅನ್ನೋದ್ನೂ ಮೈಕಲ್ಲೇ ಯೋಳಿ, ಏಳ್ತೀನಿ."

ದೊಡ್ಡಸಿದ್ದಯ್ಯ ಮೈಕಿನ ಬಳಿಗೆ ಹೋದರು. "ಈ ತಾಯಿಯ ಛಲಕ್ಕೆ ತಲೆಬಾಗಿ ನಾಳೆಯೂ ಇಲ್ಲೇ ಸೇರ್ತೀವಿ!" ಎಂದು ಕೂಗಿದರು. ಜೈಕಾರ ಮುಗಿಲು ಮುಟ್ಟಿತು. ತಪ್ಪಾಯ್ತು ಎಂಬ ಮಾತು ಮಾತ್ರ ಬರಲಿಲ್ಲ.

ಕೊನೆಗೆ ಇಬ್ಬರು ಮಹಿಳಾ ಪೊಲೀಸರು ಯಶೋದಮ್ಮನನ್ನು ತೋಳು ಹಿಡಿದು ಎಬ್ಬಿಸಿದರು. ತಾನಾಗಿ ಏಳಲಿಲ್ಲವಲ್ಲ ಎಂದು ಯಶೋದಮ್ಮನಿಗೆ ಒಂದಿಷ್ಟು ಸಮಾಧಾನವಾಯಿತು. ಸಂಜೆ ಠಾಣೆಯಿಂದ ಬಿಟ್ಟು ಕಳಿಸಿದರು.

ಮರುದಿನ ಬೆಳಗ್ಗೆ ಹಳಿಯ ಹತ್ತಿರ ಹೋಗಿ ನೋಡಿದರೆ ಒಂದು ನರಪಿಳ್ಳೆಯೂ ಇರಲಿಲ್ಲ. ಯಶೋದಮ್ಮ ಸ್ವಲ್ಪ ಹೊತ್ತು ಕಾದರು. ಮೈಸೂರಿನ ರೈಲು ಹಾದುಹೋದ ಮೇಲೆ ಹಳಿ ದಾಟಿ ಕೆಲಸಕ್ಕೆ ನಡೆದರು.