‘ಎಂತಕ್ಕೆ?’ ಎಂದು ಕೇಳುವ ಡೈಸಿ ಟೀಚರ್

ಬೆಳಿಗ್ಗೆ ಆರು ಗಂಟೆ. ಹೊರಗೆ ಇನ್ನೂ ಡಿಸೆಂಬರಿನ ಕತ್ತಲೆ. ವಾಮಂಜೂರಿನ ಒಂದು ಪ್ರೌಢಶಾಲೆಯಲ್ಲಿ ಮೂಲೆಯ ಕೋಣೆಯ ಟ್ಯೂಬ್‌ಲೈಟ್ ಮಾತ್ರ ಉರಿಯುತ್ತಿದೆ. ಒಂದು ಬೆಂಚಿನಲ್ಲಿ ಹತ್ತನೇ ತರಗತಿಯ ನಿರೀಕ್ಷಾ, ಎದುರಿನ ಮೇಜಿನ ಮೇಲೆ ಹಳೆಯ ಅಲಾರಾಂ ಗಡಿಯಾರ, ಅದರ ಪಕ್ಕದಲ್ಲಿ ಡೈಸಿ ಪಿಂಟೊ. ಅಲಾರಾಂ ಅನ್ನು ಒಂಬತ್ತಕ್ಕೆ ಇಟ್ಟು ಡೈಸಿ ಟೀಚರ್ ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆಯನ್ನು ಹುಡುಗಿಯ ಮುಂದಿಡುತ್ತಾರೆ. ‘ಓದ್ಲಿಕ್ಕೆ ನಾನಿಲ್ಲ, ಗೊತ್ತುಂಟಲ್ಲ? ಇವತ್ತು ನೀನೇ,’ ಎನ್ನುತ್ತಾರೆ.

ನಿರೀಕ್ಷಾ ತಲೆಯಾಡಿಸಿ, ಪ್ರಶ್ನೆಯ ಸಾಲಿನ ಕೆಳಗೆ ಸ್ಕೇಲು ಇಟ್ಟು ಓದಲು ಶುರು ಮಾಡುತ್ತಾಳೆ. ತುಟಿ ಅಲುಗಾಡುತ್ತದೆ. ಒಂದು ಪ್ರಶ್ನೆಯನ್ನು ಮೂರು ಸಲ ಓದುತ್ತಾಳೆ. ಉತ್ತರ ಅವಳಿಗೆ ಗೊತ್ತು, ಬಾಯಲ್ಲಿ ಕೇಳಿದರೆ ಪಟಪಟನೆ ಹೇಳುತ್ತಾಳೆ. ಅಚ್ಚಾದ ಅಕ್ಷರ ಮಾತ್ರ ಅವಳಿಗೆ ಸುಲಭವಾಗಿ ಒಲಿಯುವುದಿಲ್ಲ. ಅದಕ್ಕೆಂದೇ ಎಂಟನೇ ತರಗತಿಯಿಂದ ಅವಳ ಹೆಸರಿನಲ್ಲಿ ಒಂದು ವಿಶೇಷ ಶಿಕ್ಷಣ ಯೋಜನೆ ಇದೆ. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಓದಿ ಹೇಳಲು ಒಬ್ಬರು, ಮೂರು ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ ಹೆಚ್ಚು. ಈಗ ಅವಳು ಆ ಯೋಜನೆಯೇ ಬೇಡ ಎನ್ನುತ್ತಿದ್ದಾಳೆ. ಬಿಡುವ ಫಾರ್ಮು ಈ ಶುಕ್ರವಾರದೊಳಗೆ ಶಿಕ್ಷಣ ಇಲಾಖೆಯ ಕಚೇರಿ ಸೇರಬೇಕು. ಒಮ್ಮೆ ಸೇರಿದರೆ ಮಾರ್ಚ್ ಪರೀಕ್ಷೆಯಲ್ಲಿ ಆ ಒಂದು ಗಂಟೆ ಮತ್ತೆ ಸಿಗುವುದಿಲ್ಲ.

ಆ ಫಾರ್ಮಿಗೆ ಸಹಿ ಹಾಕಬೇಕಾದವರು ಡೈಸಿ. ಐವತ್ತೊಂದು ವರ್ಷದ ಅವರು ಇಪ್ಪತ್ತೊಂದು ವರ್ಷದಿಂದ ಗುತ್ತಿಗೆಯ ವಿಶೇಷ ಶಿಕ್ಷಕಿ. ಪ್ರತಿ ಜೂನ್‌ನಲ್ಲಿ ಹೊಸ ಆದೇಶಕ್ಕೆ ಕಾಯುತ್ತಾರೆ. ಈ ವರ್ಷ ಅವರ ಪಾಲಿಗೆ ನಾಲ್ಕು ಶಾಲೆ, ಐವತ್ತೆಂಟು ಮಕ್ಕಳು. ಬಿಜೈಯ ಬಾಡಿಗೆ ಮನೆಯಿಂದ ಎರಡು ಬಸ್ಸು ಹಿಡಿದು ವಾಮಂಜೂರು, ಮಧ್ಯಾಹ್ನಕ್ಕೆ ಬಜಪೆಯ ಕಡೆ. ಹೆಗಲ ಚೀಲದಲ್ಲಿ ಹನ್ನೆರಡೋ ಹದಿನಾಲ್ಕೋ ಫೈಲು ಸದಾ ಇರುತ್ತವೆ. ನಾಲ್ಕು ಶಾಲೆಗಳಲ್ಲಿ ಎಲ್ಲಿಯೂ ಅವರದು ಎನ್ನುವ ಕುರ್ಚಿ ಇಲ್ಲ, ಆ ದಿನ ರಜೆಯಲ್ಲಿರುವವರ ಕುರ್ಚಿಯೇ ಅವರದು. ‘ಯಾರೂ ರಜೆ ಹಾಕದಿದ್ರೆ ಲೈಬ್ರರಿಯ ಸ್ಟೂಲ್ ಉಂಟಲ್ಲ ಮಾರಾಯ್ರೆ,’ ಎಂದು ನಗುತ್ತಾರೆ. ಅವರ ಬಗ್ಗೆ ಬರೆಯಲೆಂದು ಜೊತೆಗೆ ಬಂದ ನನಗೆ ಮಾತ್ರ ನಗು ಬರಲಿಲ್ಲ.

ಅವರ ಕೆಲಸದ ದೊಡ್ಡ ಪಾಲು ಓದಿ ಹೇಳುವುದು. ಯೋಜನೆಯ ಕಾಗದವನ್ನು ಓದಿ ಸಹಿ ಹಾಕುವ ಹೆತ್ತವರು ಕಡಿಮೆ. ‘ಸಹಿ ಎಲ್ಲಿ ಟೀಚರ್, ಅಂತ ಮೊದಲು ಕೇಳ್ತಾರೆ. ನಾನು ಪೆನ್ನು ಕೊಡುವುದಿಲ್ಲ. ಮೊದಲು ಕೂತು ಕೇಳಿ ಅಂತೇನೆ,’ ಎನ್ನುತ್ತಾರೆ. ಮನೆಯಲ್ಲಿ ಕೊಂಕಣಿ ಮಾತಾಡುವ ಡೈಸಿ ಕಚೇರಿ ಕನ್ನಡದ ಆ ಕಾಗದವನ್ನು ತುಳುವಿನಲ್ಲಿ, ಬ್ಯಾರಿ ಭಾಷೆಯಲ್ಲಿ ಸಾಲು ಸಾಲಾಗಿ ಬಿಡಿಸಿ ಹೇಳುತ್ತಾರೆ. ಆಮೇಲೆ ಅದನ್ನೇ ಮಗುವಿಗೂ ಓದುತ್ತಾರೆ. ತನ್ನ ಬಗ್ಗೆ ಏನು ಬರೆದಿದ್ದಾರೆಂದು ಹೆಚ್ಚಿನ ಮಕ್ಕಳಿಗೆ ಅಲ್ಲಿಯವರೆಗೆ ಗೊತ್ತೇ ಇರುವುದಿಲ್ಲ.

ಅವರೂ ಮೊದಲು ಹೀಗಿರಲಿಲ್ಲ. ಎಂಟು ವರ್ಷದ ಹಿಂದೆ ಬಜಪೆಯ ಕಡೆಯ ಶಾಲೆಯೊಂದರಲ್ಲಿ ಮುಖೇಶ್ ಎಂಬ ಹುಡುಗ ಬಂದು ‘ನನಗೆ ಈ ಯೋಜನೆ ಬೇಡ ಟೀಚರ್’ ಎಂದಿದ್ದ. ಡೈಸಿಗೆ ಖುಷಿಯೋ ಖುಷಿ. ಹುಡುಗ ಸುಧಾರಿಸಿದ, ನನ್ನ ಕೆಲಸ ಫಲ ಕೊಟ್ಟಿತು ಎಂದುಕೊಂಡರು. ಫಾರ್ಮಿನ ‘ಕಾರಣ’ ಎಂಬ ಜಾಗದಲ್ಲಿ ‘ಉತ್ತಮ ಪ್ರಗತಿ’ ಎಂದು ಅವರೇ ಬರೆದರು. ಆ ತಿಂಗಳ ಶಿಕ್ಷಕರ ಸಭೆಯಲ್ಲಿ ಅವರಿಗೆ ಚಪ್ಪಾಳೆಯೂ ಸಿಕ್ಕಿತು. ಕಾಗದದ ಮೇಲೆ ಒಂದು ಮಗುವನ್ನು ಗುಣಪಡಿಸುವುದು ಎಷ್ಟು ಸುಲಭ! ಪರೀಕ್ಷೆಯಲ್ಲಿ ಮುಖೇಶನಿಗೆ ಪ್ರಶ್ನೆಗಳನ್ನು ಓದಿ ಮುಗಿಸಲಿಕ್ಕೇ ಆಗಲಿಲ್ಲ. ಮೂರು ವಿಷಯ ಹೋಯಿತು. ಮರುಪರೀಕ್ಷೆಗೆ ಅವನು ಬರಲೇ ಇಲ್ಲ.

ಈಗ ಅವನು ಅಲ್ಲೇ ಪಂಕ್ಚರ್ ಅಂಗಡಿಯಲ್ಲಿದ್ದಾನೆ. ಆ ಪರೀಕ್ಷೆಯಾಗಿ ಎರಡು ವರ್ಷದ ನಂತರ ಧೈರ್ಯ ಮಾಡಿ ಡೈಸಿ ಅಲ್ಲಿಗೆ ಹೋಗಿದ್ದರು. ಅವನು ಕೂರಲು ಜಾಗ ಕೊಟ್ಟ, ಸೋಡಾ ತರಿಸಿದ. ‘ಎಲ್ಲರೂ ತಮಾಷೆ ಮಾಡ್ತಿದ್ರು ಟೀಚರ್, ಅದಕ್ಕೆ ಬಿಟ್ಟದ್ದು. ನೀವು ಎಂತಕ್ಕೆ ಅಂತ ಒಂದು ಸಲ ಕೇಳಿದ್ರೆ ಹೇಳ್ತಿದ್ದೆ,’ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲವಂತೆ. ‘ಬೈದಿದ್ರೆ ನಾನು ಮರೀತಿದ್ದೆನೋ ಏನೋ,’ ಎನ್ನುವಾಗ ಡೈಸಿ ಕಣ್ಣು ಒರೆಸಿಕೊಳ್ಳುತ್ತಾರೆ.

ಅಂದಿನಿಂದ ಅವರದೇ ಒಂದು ಪದ್ಧತಿ. ಬಿಡುತ್ತೇನೆ ಎನ್ನುವ ಮಗುವಿಗೆ ಮೂರು ಪೂರ್ತಿ ಪರೀಕ್ಷೆ, ಯಾವ ನೆರವೂ ಇಲ್ಲದೆ. ಸಹಪಾಠಿಗಳ ಕಣ್ಣಿಗೆ ಬೀಳದಂತೆ ಶಾಲೆ ಶುರುವಾಗುವ ಮೊದಲೇ ಅದು ಮುಗಿಯಬೇಕು. ಮೂರೂ ಮುಗಿದ ಮೇಲೆ ‘ಎಂತಕ್ಕೆ?’ ಎಂಬ ಪ್ರಶ್ನೆ. ಆಮೇಲೂ ಮಗು ಬಿಡುತ್ತೇನೆ ಎಂದರೆ ಸಹಿ. ಇದಕ್ಕೆ ಯಾವ ಸುತ್ತೋಲೆಯೂ ಇಲ್ಲ, ಹೆಚ್ಚಿನ ಕೆಲಸವೆಂದು ಯಾರೂ ಲೆಕ್ಕಕ್ಕೂ ಹಿಡಿಯುವುದಿಲ್ಲ. ನಿರೀಕ್ಷಾಳಿಗೆ ಇವತ್ತಿನದು ಮೂರನೆಯದು.

ಒಂಬತ್ತಕ್ಕೆ ಅಲಾರಾಂ ಬಡಿಯುತ್ತದೆ. ಹುಡುಗಿಯ ಕೈ ನಿಲ್ಲುವುದಿಲ್ಲ. ಇನ್ನೂ ಒಂದೂವರೆ ಪುಟದ ಪ್ರಶ್ನೆ ಉಳಿದಿದೆ.

‘ಟೀಚರ್, ಹತ್ತು ನಿಮಿಷ.’

‘ಅಲ್ಲಿ ಕೊಡುವುದಿಲ್ಲ ಮಗಾ.’

ನಿರೀಕ್ಷಾ ಪೆನ್ನು ಮುಚ್ಚುತ್ತಾಳೆ. ಡೈಸಿ ಅಲ್ಲೇ ಕೂತು ತಿದ್ದುತ್ತಾರೆ. ಪಾಸಾಗಲು ಬೇಕಾದದ್ದಕ್ಕಿಂತ ಮೂರೇ ಮೂರು ಅಂಕ ಹೆಚ್ಚು. ಕಳೆದ ತಿಂಗಳು ಇಂಥದೇ ಪತ್ರಿಕೆಯಲ್ಲಿ, ಆ ಒಂದು ಗಂಟೆ ಇದ್ದಾಗ, ಇದರ ಎರಡರಷ್ಟು ಬಂದಿತ್ತು.

ಅಷ್ಟರಲ್ಲಿ ಅವಳ ಅಪ್ಪ ಮೋಹನದಾಸ್ ಬರುತ್ತಾರೆ. ಮಸ್ಕತ್‌ನಲ್ಲಿ ಎಲೆಕ್ಟ್ರಿಶಿಯನ್ ಆಗಿದ್ದು ಈಗ ಊರಲ್ಲೇ ವಯರಿಂಗ್ ಕೆಲಸ ಮಾಡುವವರು. ನಸುಕಿನಲ್ಲಿ ಮಗಳನ್ನು ಸ್ಕೂಟರಿನಲ್ಲಿ ಬಿಟ್ಟು ಹೋದವರೂ ಅವರೇ. ‘ಇದನ್ನು ಬಿಟ್ರೆ ಅವಳು ಹುಷಾರಾದ ಹಾಗೆ ಅಲ್ವಾ ಟೀಚರ್?’ ಎಂದು ಆಸೆಯಿಂದ ಕೇಳುತ್ತಾರೆ.

‘ಅಲ್ಲ ಮೋಹನಣ್ಣ. ಕನ್ನಡಕ ತೆಗೆದಿಟ್ರೆ ಕಣ್ಣು ಸರಿಯಾಗ್ತದಾ?’ ಡೈಸಿ ಎರಡೂ ಪತ್ರಿಕೆಯ ಅಂಕಗಳನ್ನು ಅವರಿಗೆ ತೋರಿಸುತ್ತಾರೆ. ಮೋಹನದಾಸ್ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿ, ‘ಅವಳೇ ಹೇಳ್ಲಿ. ಬರೆಯುವುದು ಅವಳಲ್ವಾ?’ ಎನ್ನುತ್ತಾರೆ.

‘ಎಂತಕ್ಕೆ ಬಿಡ್ತೀ ನಿರೀಕ್ಷಾ?’

ಡೈಸಿ ಫಾರ್ಮನ್ನು ಅವಳತ್ತ ತಳ್ಳಿ, ‘ಕಾರಣ’ದ ಜಾಗವನ್ನು ಬೆರಳಿನಿಂದ ತೋರಿಸುತ್ತಾರೆ. ಒಂದೇ ಸಾಲಿಗೆ ಅವಳು ಹತ್ತು ನಿಮಿಷ ತೆಗೆದುಕೊಳ್ಳುತ್ತಾಳೆ. ಬರೆದು, ಹೊಡೆದು, ಮತ್ತೆ ಬರೆಯುತ್ತಾಳೆ: ‘ಪರೀಕ್ಷೆ ಮುಗಿಸಿ ನಾನು ಹೊರಗೆ ಬರುವಾಗ ಅಂಗಳದಲ್ಲಿ ಯಾರೂ ಇರುವುದಿಲ್ಲ.’

ಅಷ್ಟೇ. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಯೋಜನೆಯ ಮಕ್ಕಳನ್ನು ಮುರಿದ ಬೆಂಚುಗಳನ್ನಿಡುವ ಕೋಣೆಯಲ್ಲಿ ಕೂರಿಸಿದ್ದರು. ಉಳಿದವರು ಗೇಟಿನ ಬಳಿ ಉತ್ತರ ಹೋಲಿಸುತ್ತ ಗಲಾಟೆ ಮಾಡುವಾಗ ಇವಳಿಗೆ ಒಳಗೆ ಇನ್ನೂ ಒಂದು ಗಂಟೆ ಬಾಕಿ. ಗೆಳತಿ ಅನುಷ್ಕಾ ಎರಡು ದಿನ ಕಾದಳು. ಮೂರನೆಯ ದಿನ ಬಸ್ಸು ತಪ್ಪುತ್ತದೆಂದು ಹೋದಳು. ‘ನಾನು ಕಾಯ್ತೇನೆ ಅಂತ ನಿರೀಕ್ಷಾಳಿಗೆ ಅಂದೆ. ನೀವು ಕಾದರೆ ಆಗುವುದಿಲ್ಲ ಟೀಚರ್ ಅಂದಳು,’ ಎಂದು ಡೈಸಿ ನೆನೆಯುತ್ತಾರೆ. ಈ ಮಕ್ಕಳನ್ನೂ ಎಲ್ಲರ ಜೊತೆ ಅದೇ ಪರೀಕ್ಷಾ ಕೋಣೆಯಲ್ಲಿ ಕೂರಿಸಿ ಎಂದು ಡೈಸಿ ಕಚೇರಿಗೆ ಮೂರು ಪತ್ರ ಬರೆದಾಗಿದೆ. ಒಂದಕ್ಕೂ ಉತ್ತರ ಬಂದಿಲ್ಲ.

ಮೋಹನದಾಸ್ ಆ ಸಾಲನ್ನು ಓದುತ್ತಾರೆ. ಮಗಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಸಹಿ ಮಾಡುತ್ತಾರೆ. ಅವರ ಕೆಳಗೆ ಡೈಸಿಯ ಸಹಿ. ಆ ಮೂರು ಅಂಕ ಮಾರ್ಚ್‌ನಲ್ಲಿ ಉಳಿಯುತ್ತದೋ ಇಲ್ಲವೋ ಎಂದು ನಾನು ಕೇಳುವುದಿಲ್ಲ. ಡೈಸಿ ತಾವಾಗಿಯೇ ಹೇಳುತ್ತಾರೆ: ‘ನನಗೆ ಹೆದರಿಕೆ ಉಂಟು. ಅಲ್ಲಿಯವರೆಗೆ ದಿನಾ ಆರು ಗಂಟೆಗೆ ಬಾ ಅಂದಿದ್ದೇನೆ.’

ಶಾಲೆಯ ಗಂಟೆ ಹೊಡೆಯುತ್ತದೆ. ನಿರೀಕ್ಷಾ ಅಂಗಳದ ಪ್ರಾರ್ಥನೆಯ ಸಾಲಿಗೆ ಓಡುತ್ತಾಳೆ. ಡೈಸಿ ಗಡಿಯಾರವನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಫಾರ್ಮು ಮಡಚಿಹೋಗದ ಹಾಗೆ ಫೈಲಿನೊಳಗೆ ಇಡುತ್ತಾರೆ. ಇಂಥ ಕಾರಣ ಬರೆದರೆ ಕಚೇರಿಯವರು ಫಾರ್ಮು ವಾಪಸ್ ಕಳಿಸುವುದಿಲ್ಲವೇ ಎಂದು ಕೇಳುತ್ತೇನೆ.

‘ಕಳಿಸ್ಲಿ. ಕಳಿಸ್ಬೇಕಾದ್ರೆ ಒಮ್ಮೆ ಓದ್ಬೇಕಲ್ಲ, ನನಗೆ ಅಷ್ಟೇ ಬೇಕಾದ್ದು,’ ಎನ್ನುತ್ತಾರೆ ಡೈಸಿ. ಚೀಲ ಹೆಗಲಿಗೇರಿಸಿ ಎರಡು ಹೆಜ್ಜೆ ಹಾಕಿದವರು ನಿಲ್ಲುತ್ತಾರೆ. ‘ಮುಖೇಶನ ಫಾರ್ಮಿನಲ್ಲಿ ಕಾರಣ ಬರೆದದ್ದು ನಾನು. ಇದರಲ್ಲಿ ಬರೆದದ್ದು ಅವಳು.’