ಎಳ್ಳಿನಷ್ಟು ಮೇಣ

ಹೋದ ಭಾನುವಾರ ನಮ್ಮ ಅಡುಗೆಮನೆಯ ಬಾಗಿಲು ಸರಿಮಾಡಲು ಬಡಿಗೇರ ಬಂದಿದ್ದ. ಸಣ್ಣ ಡಬ್ಬಿಯಲ್ಲಿ ಅಂಟು ಹಾಕಿ ನಮ್ಮ ಒಲೆಯ ಮೇಲೆಯೇ ಕಾಸಿದ. ಅದು ಈಗ ಅಂಗಡಿಯಲ್ಲಿ ಸಿಗುವ ಬಿಳಿಯ ಅಂಟಲ್ಲ. ತೊಗಲು ಕುದಿಸಿ ಮಾಡಿದ ಹಳೆಯ ಕಾಲದ್ದು. ಅದರ ವಾಸನೆಗೆ ಹೆಂಡತಿ ಸೆರಗು ಮೂಗಿಗೆ ಹಿಡಿದು ಅಂಗಳಕ್ಕೆ ಹೋದಳು. ನಾನು ಡಬ್ಬಿಯ ಹತ್ತಿರ ಹೋಗಿ ನಿಂತೆ. ಆಗ ಒಂಬತ್ತು ಗಂಟೆ ಹತ್ತು ನಿಮಿಷ. ಒಂಬತ್ತೂಕಾಲಿಗೆ ಅಟ್ಟದ ಟ್ರಂಕಿನಿಂದ ಐದನೆಯ ಡೈರಿ ತೆಗೆದು ಹೊಸ್ತಿಲ ಮೇಲೆ ಕೂತಿದ್ದೆ.

ಈ ಗಂಟೆ ನಿಮಿಷಗಳ ಲೆಕ್ಕವನ್ನು ನೀವು ಕ್ಷಮಿಸಬೇಕು. ಮ್ಯಾಟ್ರಿಕ್ ಪಾಸಾದ ದಿನದಿಂದ ನನಗೆ ಅಂಟಿದ ಚಟ ಇದು. ಹುಮನಾಬಾದಿನ ಬಸ್ಸು ಎಷ್ಟು ದಿನ ತಡವಾಗಿ ಬಂತು, ಒಂದು ಚಳಿಗಾಲದಲ್ಲಿ ಎಷ್ಟು ಕಪ್ ಚಹಾ ಕುಡಿದೆ, ಗೆಳೆಯನ ಮದುವೆಯಲ್ಲಿ ಎಷ್ಟು ಜನ ಊಟಕ್ಕೆ ಮೊದಲೇ ಎದ್ದು ಹೋದರು, ಎಲ್ಲ ಬರೆದಿಟ್ಟಿದ್ದೇನೆ. ಮದುವೆಯಾದ ಹೊಸತರಲ್ಲಿ ಹೆಂಡತಿ, ‘ನಾ ಸಿಟ್ಟಾದ ದಿನಾನೂ ಬರೀತೀರೇನ್ರಿ?’ ಎಂದು ಕೇಳಿದ್ದಳು. ಬರೆಯುತ್ತೇನೆ. ಅದಕ್ಕೆ ಬೇರೆ ಪುಸ್ತಕ ಇದೆ ಎಂದು ಮಾತ್ರ ಹೇಳಲಿಲ್ಲ.

ಇಂಥವನಿಗೆ ಮೀಟರ್ ಓದುವ ಕೆಲಸ ಸಿಕ್ಕದ್ದು ಸಹಜವೇ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಹುಮನಾಬಾದಿನಲ್ಲಿ ಕೋಣೆ ಹಿಡಿದು, ಕರೆಂಟಿನ ಮೀಟರು ಓದಿ ಬರೆದುಕೊಂಡು ಬರಲು ಹಳ್ಳಿ ಹಳ್ಳಿ ತಿರುಗುತ್ತಿದ್ದೆ. ಒಂದು ದಿನ ಮುಡಬಿಯಲ್ಲಿ ಗುಡಿಯ ಮೀಟರ್ ನೋಡಲು ಹೋದಾಗ ಕಟ್ಟೆಯ ಮೇಲೆ ಒಬ್ಬರು ಪೇಟಿಯನ್ನು ಬಿಚ್ಚಿಕೊಂಡು ಕೂತಿದ್ದರು. ಪಕ್ಕದಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೆ ಈ ಅಂಟಿನ ಡಬ್ಬಿ. ಗಾಳಿ ಊದುವ ಅದರ ಹರಿದ ತಿದಿಗೆ ತೊಗಲು ಹಚ್ಚುತ್ತಿದ್ದರು. ಅವರೇ ವೈಜಿನಾಥ ಕಾಕಾ. ಹುಮನಾಬಾದಿನಲ್ಲಿ ನನ್ನ ಕೋಣೆಯಿಂದ ನಾಲ್ಕು ಮನೆ ಆಚೆ ಅವರ ರಿಪೇರಿ ಅಂಗಡಿ ಇತ್ತು. ನಾನು ದಿನಾ ಅದರ ಮುಂದೆಯೇ ಹಾಯುತ್ತಿದ್ದೆ, ಗಮನಿಸಿರಲಿಲ್ಲ.

ಪೇಟಿ ಎಂದರೆ ಹಾರ್ಮೋನಿಯಂ. ನೀವು ಭಜನೆಗೆ ಹೋದವರಾದರೆ ಪೇಟಿಯನ್ನು ನೋಡಿರುತ್ತೀರಿ. ಕೇಳಿದ್ದೀರೋ ಇಲ್ಲವೋ ಹೇಳಲಾರೆ. ಹಾಡುವವರ ದನಿ ಏರಿದರೆ ಏರುತ್ತ, ಅವರು ಉಸಿರು ತೆಗೆದುಕೊಳ್ಳುವಾಗ ನಡುವಿನ ಜಾಗ ತುಂಬುತ್ತ ಪಕ್ಕದಲ್ಲಿರುವುದು ಅದರ ಕೆಲಸ. ಕಾಕಾ ಬರಿಯ ಪೇಟಿ ನುಡಿಸುತ್ತಿದ್ದರು. ಹಾಡಿಲ್ಲ, ತಬಲಾ ಇಲ್ಲ. ಮೊದಲು ಒಂದು ಮೇಳದಲ್ಲಿದ್ದರಂತೆ. ಅಲ್ಲಿಯ ಹಾಡುಗಾರ ‘ನೀ ಕೈ ಮುಂದ ಮಾಡಬ್ಯಾಡ, ನನ್ನ ಹಿಂದ ಬಾ’ ಎಂದದ್ದಕ್ಕೆ ಪೇಟಿ ಮುಚ್ಚಿ ಎದ್ದು ಬಂದರಂತೆ. ಅಂದಿನಿಂದ ಯಾವ ಮೇಳಕ್ಕೂ ಸೇರಲಿಲ್ಲ. ಆದರೆ ಒಬ್ಬರೇ ನುಡಿಸುವ ಪೇಟಿಯನ್ನು ಕೇಳುವವರು ಎಲ್ಲಿದ್ದಾರೆ? ಎಲ್ಲಿ ಕೂತು ನುಡಿಸಿದರೂ ಐದು ನಿಮಿಷಕ್ಕೆ ಒಬ್ಬರು ಬಂದು, ‘ಹಾಡವ್ರು ಯಾವಾಗ ಬರ್ತಾರ್ರಿ?’ ಎಂದು ಕೇಳುತ್ತಿದ್ದರು. ನಾನು ಜೊತೆಗಿದ್ದ ಹದಿನಾಲ್ಕು ಸಲದಲ್ಲಿ ಒಂಬತ್ತು ಸಲ ಈ ಪ್ರಶ್ನೆ ಬಂದದ್ದು ನನ್ನ ಡೈರಿಯಲ್ಲಿದೆ.

ಅದಕ್ಕೆ ಕಾಕಾ ಒಂದು ದಾರಿ ಹುಡುಕಿಕೊಂಡಿದ್ದರು. ಮುಡಬಿಯಲ್ಲಿ ಅಂದೇ ಅದನ್ನು ಕಂಡೆ. ತಿದಿ ಹಚ್ಚಿ ಮುಗಿದ ಮೇಲೆ ಭಜನೆಯವರನ್ನೆಲ್ಲ ಕರೆದು ಕೂಡಿಸಿ, ‘ಇದರಾಗ ಇನ್ನಾ ಒಂದು ಸ್ವರ ಕೆಟ್ಟದ. ನಾ ನುಡಸ್ತೀನಿ. ಯಾವ್ದು ಅಂತ ನೀವು ಹೇಳ್ರಿ. ನಿಮ್ಮ ಪೇಟಿ, ನಿಮ್ಮ ಕಿವಿಗಿ ಸರಿ ಅನಸಬೇಕು’ ಎಂದರು. ತಮ್ಮ ಪೇಟಿಯ ದೋಷ ಎಂದರೆ ಯಾರು ಬಿಟ್ಟಾರು? ಒಂಬತ್ತು ಜನ ಅರ್ಧ ತಾಸು ಕತ್ತು ಮುಂದೆ ಮಾಡಿ ಕೂತರು. ಬೀಡಿ ಹಚ್ಚಿದವನು ಸೇದಲಿಲ್ಲ. ಕೊನೆಗೆ ಒಬ್ಬ ಮುದುಕರು ಸರಿಯಾದ ಮನೆ, ಅಂದರೆ ಬೆರಳಿಂದ ಒತ್ತುವ ಪಟ್ಟಿ, ತೋರಿಸಿದರು. ಕಾಕಾ ಪೇಟಿಯ ಹಲಗೆ ಎತ್ತಿ, ಒಳಗೆ ಆ ಸ್ವರ ಹೊರಡಿಸುವ ಹಿತ್ತಾಳೆಯ ನಾಲಿಗೆಗೆ ಉಗುರು ತಾಗಿಸಿದರು. ಸ್ವರ ಸರಿಹೋಯಿತು.

ಊರಿಗೆ ಮರಳುವ ಟಂಟಂ ಆಟೋದಲ್ಲಿ ನಾನು ಅದನ್ನು ಹೇಗೆ ಸರಿ ಮಾಡಿದಿರಿ ಎಂದು ಕೇಳಿದೆ. ಅವರು ಹೆಬ್ಬೆರಳಿನ ಉಗುರು ತೋರಿಸಿದರು. ಅದರ ಸಂದಿಯಲ್ಲಿ ಎಳ್ಳಿನಷ್ಟು ಮೇಣ ಇತ್ತು. ಹಿತ್ತಾಳೆಯ ನಾಲಿಗೆಯ ತುದಿಗೆ ಅಷ್ಟು ಮೇಣ ಹಚ್ಚಿದರೆ ಸಾಕು, ಸ್ವರ ಕೂದಲೆಳೆಯಷ್ಟು ಇಳಿಯುತ್ತದೆ. ರಿಪೇರಿ ಮುಗಿಸಿ ತಾವೇ ಹಚ್ಚುತ್ತಿದ್ದರು, ಕೇಳಿಸಿ ತಾವೇ ತೆಗೆಯುತ್ತಿದ್ದರು.

‘ಇದು ಮೋಸ ಆಗಲಿಲ್ಲೇನ್ರಿ ಕಾಕಾ?’ ಎಂದೆ.

‘ಆತು’ ಎಂದರು. ಉಗುರಿನ ಮೇಣ ಒರೆಸಿಕೊಳ್ಳುತ್ತ, ‘ಕೆಟ್ಟದ್ದು ಹುಡುಕಾಕ ಕುಂತ್ರು ತಮ್ಮಾ. ಕೇಳಾಕ ಯಾರು ಕುಂತ್ರು? ಪೂರಾ ಕೇಳಿದಂಥವ್ರು ಒಬ್ರು ಸಿಗ್ಲಿ, ಈ ಮೇಣ ಬಿಡ್ತೀನಿ’ ಎಂದರು.

ನನ್ನ ಡೈರಿಯ ವಿಷಯ ತಿಳಿದಾಗ ಅವರಿಗೆ ಬಹಳ ಖುಷಿಯಾಯಿತು. ‘ಕುಂತವ್ರನ್ನ ಎಣಸಬ್ಯಾಡ, ಕೇಳಿದವ್ರನ್ನ ಎಣಸು’ ಎಂದರು. ಮುಂದೆ ಎರಡು ವರ್ಷ ಬಿಡುವು ಸಿಕ್ಕ ಭಾನುವಾರ, ರಜೆಗಳಲ್ಲಿ ಅವರ ಜೊತೆ ಹೋದೆ. ಬೇಮಳಖೇಡ, ಮಂಠಾಳ, ಇನ್ನೂ ಎಷ್ಟೋ ಊರು. ಒಂದು ಪುಟದಲ್ಲಿ ನಾಲ್ಕು ಗೆರೆ ಎಳೆದು ಬಂದವರು, ಕೊನೆಯವರೆಗೆ ಕೂತವರು, ನಡುವೆ ಮಾತಾಡಿದವರು, ಅಂದು ಮೇಣ ಹಚ್ಚಿದ ಮನೆ ಯಾವುದು ಎಂದು ಬರೆಯುತ್ತಿದ್ದೆ. ಕೇಳಿದವರು ಎಂಬುದಕ್ಕೆ ಯಾವ ಗೆರೆ ಎಳೆಯಬೇಕೆಂದು ತಿಳಿಯದೆ ಬಿಟ್ಟಿದ್ದೆ. ಕಾಕಾ ಹೊಸ ರಾಗವನ್ನು ಹಿಡಿದಾಗ ನಾನು ಹೆಚ್ಚಾಗಿ ತಲೆ ಎಣಿಸುತ್ತಿರುತ್ತಿದ್ದೆ. ಪೇಟಿ ಹತ್ತಿರವೇ ಇತ್ತು, ಕೇಳುತ್ತಲೇ ಇದ್ದೇನೆ ಎಂದುಕೊಂಡಿದ್ದೆ.

ಎರಡನೆಯ ವರ್ಷದ ಕೊನೆಗೆ ಬಸವಕಲ್ಯಾಣದ ಒಂದು ಸಂಘದವರು ತಮ್ಮ ವಾರ್ಷಿಕ ಸಭೆಯಲ್ಲಿ ನುಡಿಸಲು ಕಾಕಾನನ್ನು ಕರೆದರು. ದೊಡ್ಡ ಸಭಾಂಗಣ, ಮೈಕು, ಹಂದರ. ರಿಪೇರಿಯ ನೆಪವಿಲ್ಲದೆ ಕರೆ ಬಂದದ್ದು ಅದೇ ಮೊದಲು. ಕಾಕಾ ಒಂದು ವಾರ ಅಂಗಡಿ ಮುಚ್ಚಿ ತಮ್ಮ ಪೇಟಿಯ ಒಂದೊಂದು ಸ್ವರ ತಿದ್ದಿದರು. ಬಿಳಿಯ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡರು. ಬಸ್ಸಿನಲ್ಲಿ ಪೇಟಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಸಂಜೆ ನಾಲ್ಕಕ್ಕೆ ಶುರುವಾಯಿತು. ನಾನು ಕಿಟಕಿಯ ಪಕ್ಕ ಕೂತು ಎಣಿಸಿದೆ: ತೊಂಬತ್ತೈದು ಜನ. ಹತ್ತು ನಿಮಿಷದಲ್ಲಿ ಹನ್ನೆರಡು ಮಂದಿ ಎದ್ದರು. ಉಳಿದವರು ಬೆಳೆಯ ಮಾತು, ಸಂಬಂಧದ ಮಾತು ಹಚ್ಚಿದರು. ಆಗ ಅಧ್ಯಕ್ಷರು ವೇದಿಕೆಗೆ ಬಂದು ಕಾಕಾನ ಕಿವಿಯಲ್ಲಿ ಏನೋ ಹೇಳಿದರು. ಮೈಕು ಹತ್ತಿರವಿದ್ದುದರಿಂದ ಎಲ್ಲರಿಗೂ ಕೇಳಿಸಿತು: ‘ಹಾಡವ್ರು ರಾಜೇಶ್ವರ ಊರು ದಾಟ್ಯಾರಂತ. ಅಲ್ಲೀತನಾ ಹಿಂಗ ನಡಸ್ಕೋತ ಇರ್ರಿ.’

ಕಾಕಾ ತಿದಿ ಬಿಟ್ಟರು. ಮಾತಾಡುತ್ತಿದ್ದವರು ತಿರುಗಿ ನೋಡಿದರು. ಅವರು ಮೈಕು ಎಳೆದುಕೊಂಡು, ಹಳ್ಳಿಗಳಲ್ಲಿ ಹೇಳುವ ಅದೇ ದನಿಯಲ್ಲಿ, ‘ಈ ಪೇಟಿಯಾಗ ಒಂದು ಸ್ವರ ಕೆಟ್ಟದ್ರಿ. ಯಾವ್ದು ಅಂತ ಹೇಳೂವರಿಗಿ ಹಾಡವ್ರೂ ಹಾಡಾಂಗಿಲ್ಲ’ ಎಂದರು.

ಮುಂದಿನ ಅರ್ಧ ತಾಸು ಒಬ್ಬರೂ ಏಳಲಿಲ್ಲ. ಹಾಡುವವರು ಬಂದು, ಚಪ್ಪಲಿ ಕೈಯಲ್ಲಿ ಹಿಡಿದು, ಬಾಗಿಲಲ್ಲೇ ನಿಂತರು.

ನನ್ನ ಕತೆ ಬೇರೆ. ನನಗೆ ಮೇಣದ ಗುಟ್ಟು ಗೊತ್ತಿತ್ತಲ್ಲ. ಹಿಂದಿನ ಪುಟ ತಿರುವಿ ನೋಡಿದೆ. ಹದಿನಾಲ್ಕು ಸಲದಲ್ಲಿ ಆರು ಸಲ ಕಾಕಾ ಮೇಣ ಹಚ್ಚಿದ್ದು ನಡುವಿನ ಸಾಲಿನ ಮೂರನೆಯ ಕಪ್ಪು ಮನೆಗೆ, ಪೇಟಿಯವರು ಹೇಳುವ ಕರಿ ಮೂರಕ್ಕೆ. ನಾಲ್ಕನೆಯ ನಿಮಿಷಕ್ಕೇ ‘ಕರಿ ಮೂರು’ ಎಂದು ಬರೆದು ಅಡಿಗೆರೆ ಎಳೆದೆ. ಉಳಿದ ಹೊತ್ತು ತಲೆ ಎಣಿಸಿದೆ.

ನುಡಿಸಿ ಮುಗಿದ ಮೇಲೆ ಅಧ್ಯಕ್ಷರು ಎದ್ದು ನಿಂತು, ಕರಿ ಎರಡು ಎಂದು ಖಚಿತವಾಗಿ ಹೇಳಿದರು. ತಬಲಾದವನು ಬಿಳಿ ಐದು ಎಂದ. ಹಿಂದಿನಿಂದ ಯಾರೋ, ‘ಎಲ್ಲಾವೂ ಕೆಟ್ಟಾವ್ರಿ, ಹೊಸಾದು ತಗೋರಿ’ ಎಂದರು. ಎಲ್ಲರೂ ನಕ್ಕರು. ಆ ನಗುವಿನ ನಡುವೆ ಗೋಡೆಗೆ ಒರಗಿ ಕೂತಿದ್ದ ಒಬ್ಬ ಹೆಂಗಸು ಎದ್ದಳು. ಅವಳು ಬಳೆ ಮಾರುವ ಸಖೂಬಾಯಿ ಎಂದು ಆಮೇಲೆ ತಿಳಿಯಿತು. ಬಳೆಯ ಗಂಟು ಪಕ್ಕದಲ್ಲಿತ್ತು. ಬಸ್ಸಿಗೆ ಹೊತ್ತಿದೆ ಎಂದು ನೆರಳಿಗೆ ಬಂದು ಕೂತವಳು.

‘ಯಾವ್ದೂ ಕೆಟ್ಟಿಲ್ಲ’ ಎಂದಳು. ‘ಸೀಳಿದ ಬಳಿ ನಾ ಕೈಯಾಗ ಹಿಡ್ದು ನೋಡಾಂಗಿಲ್ಲ, ದನಿ ಕೇಳಿ ತಗೀತೀನಿ. ಈಗ ಬರ್ತದ, ಈಗ ಬರ್ತದ ಅಂತ ಕುಂತೆ. ಬರಲೇ ಇಲ್ಲ. ನನ್ನ ಬಸ್ ಹೋತು. ಸುಳ್ಳ ಹೇಳಿ ಯಾಕ ಕುಂದ್ರಿಸಿದ್ರಿ?’

ಕಾಕಾ ಹಲಗೆ ಎತ್ತಿ ಪೇಟಿಯನ್ನು ಜನರ ಕಡೆ ತಿರುಗಿಸಿದರು. ಒಳಗೆ ಎಲ್ಲೂ ಮೇಣವಿರಲಿಲ್ಲ. ಬಳಿಕ ಅವಳಿಗೆ ಕೈಮುಗಿದು, ‘ತಪ್ಪಾತು ತಾಯಿ. ಕೇಳ್ರಿ ಅಂದ್ರ ಯಾರೂ ಕೇಳಾಂಗಿಲ್ಲ’ ಎಂದರು. ಮುಡಬಿಯಿಂದ ಹಿಡಿದು ಮೇಣದ ಸಂಗತಿಯನ್ನೆಲ್ಲ ತಾವಾಗಿಯೇ ಮೈಕಿನಲ್ಲಿ ಹೇಳಿಬಿಟ್ಟರು. ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಹಾಡುವವರು ಒಳಗೆ ಬಂದರು. ನಮಗೆ ಚಹಾ ಕೊಡಲು ಎಲ್ಲರೂ ಮರೆತರು.

ಮರಳುವ ಬಸ್ಸಿನಲ್ಲಿ ಕಾಕಾ ಪೇಟಿಯನ್ನು ಸೀಟಿನ ಕೆಳಗಿಟ್ಟಿದ್ದರು. ಹೊರಗೆ ಇನ್ನೂ ಬೆಳಕಿತ್ತು. ಎಷ್ಟು ಜನ ಎಂದು ಕೇಳುತ್ತಾರೆಂದು ಡೈರಿ ತೆರೆದೆ. ‘ಅದು ಇರ್ಲಿ ತಮ್ಮಾ’ ಎಂದರು. ‘ನಿನಗ ಯಾವ್ದು ಕೆಟ್ಟದ್ದು ಅನಸ್ತು?’

ನಾನು ಪುಟದ ಮೇಲೆ ಅಂಗೈ ಇಟ್ಟೆ. ‘ಯಾವ್ದೂ ಇಲ್ರಿ ಕಾಕಾ’ ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಕಿಟಕಿಯ ಕಡೆ ತಿರುಗಿ, ‘ಇಬ್ರು ಆತು’ ಎಂದರು.

ಮೇಣದ ಸುದ್ದಿ ಹಳ್ಳಿಗಳಿಗೆ ಮುಟ್ಟಲು ವಾರ ಹಿಡಿಯಲಿಲ್ಲ. ಅವರೇ ಕೆಡಿಸಿ ಅವರೇ ಸುಧಾರಿಸುತ್ತಾರಂತೆ ಎಂದು ಮಂಠಾಳದವರು ತಮ್ಮ ಪೇಟಿಯನ್ನು ಬೀದರಿಗೆ ಒಯ್ದರು. ಮುಡಬಿಯವರು ಮಾತ್ರ ಬಿಡಲಿಲ್ಲ, ಆದರೆ ರಿಪೇರಿ ಆದ ಕೂಡಲೆ ಎತ್ತಿಕೊಂಡು ಹೋಗುತ್ತಿದ್ದರು. ಕಾಕಾ ಮೇಣವನ್ನು ಮತ್ತೆ ಮುಟ್ಟಲಿಲ್ಲ. ಕೆಲಸ ಕಡಿಮೆಯಾದದ್ದಕ್ಕೆ ಬೇಸರಪಟ್ಟದ್ದನ್ನೂ ನಾನು ಕಾಣಲಿಲ್ಲ. ಒಂದು ದಿನ ಬಸ್ ನಿಲ್ದಾಣದ ಹೋಟೆಲಿನಲ್ಲಿ ಅವರು ಯಾರಿಗೋ ಹೇಳುತ್ತಿದ್ದುದು ಬೆನ್ನ ಹಿಂದಿನಿಂದ ಕೇಳಿಸಿತು: ‘ಕಲ್ಯಾಣದಾಗ ಆ ದಿನ ಪೂರಾ ಇಬ್ರು ಕೇಳಿದ್ರು ನೋಡ್ರಿ. ಒಬ್ಬಾಕಿ ಬಳಿಗಾರ್ತಿ, ಒಬ್ಬ ನಮ್ಮ ಮೀಟರಿನ ತಮ್ಮ.’

ಅರ್ಧ ಕಪ್ ಚಹಾ ಬಿಟ್ಟು ಎದ್ದು ಬಂದೆ. ಅದೂ ಡೈರಿಯಲ್ಲಿದೆ. ಆಮೇಲೆ ನನಗೆ ಬಸವಕಲ್ಯಾಣದ ಕಡೆ ಕೆಲಸವಾಯಿತು, ಮದುವೆಯಾಯಿತು. ಮೂವತ್ತೆಂಟು ಕಿಲೋಮೀಟರು ದೂರದ ಹುಮನಾಬಾದಿಗೆ ಹೋಗದಿರಲು ಕಾರಣಗಳು ಸಾಲುಸಾಲಾಗಿ ಸಿಕ್ಕವು. ಕಾಕಾನ ಅಂಗಡಿಗೆ ಕಾಲಿಡದೆ ಆರು ವರ್ಷ ಕಳೆದವು. ನನ್ನ ಇಷ್ಟು ಡೈರಿಗಳಲ್ಲಿ ಲೆಕ್ಕ ತಪ್ಪಿದ್ದು ಆ ‘ಇಬ್ರು’ ಒಂದೇ. ಅದೂ ನನ್ನ ಪುಸ್ತಕದಲ್ಲಲ್ಲ, ಅವರ ಬಾಯಲ್ಲಿ.

ಹೋದ ಭಾನುವಾರ ಬಡಿಗೇರನ ಕೆಲಸ ಮುಗಿಯುವ ತನಕ ನಿಲ್ಲಲಿಲ್ಲ. ಐದನೆಯ ಡೈರಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ.

ಅಂಗಡಿ ಇತ್ತು. ಹಲಗೆಯ ಮೇಲಿನ ಅಕ್ಷರಗಳು ಮಾಸಿದ್ದವು. ಕಾಕಾ ತೆಳ್ಳಗಾಗಿದ್ದರು. ನನ್ನನ್ನು ನೋಡಿ, ‘ಮೀಟರ್ ಭಾಳ ಓಡ್ತೇನಪಾ? ಈಗ ಬಂದಿ’ ಎಂದರು. ನಾನು ಪುಟ ತೆಗೆದು ಮುಂದೆ ಹಿಡಿದೆ. ಕನ್ನಡಕ ಸಿಗಲಿಲ್ಲ, ನೀನೇ ಓದು ಎಂದರು. ದಿನಾಂಕ ಓದಿದೆ. ತೊಂಬತ್ತೈದು ಓದಿದೆ, ಹನ್ನೆರಡು ಓದಿದೆ. ಬಳಿಕ ‘ಕರಿ ಮೂರು’ ಎಂದು ಓದಿದೆ. ಅದನ್ನು ಕಿವಿಯಿಂದಲ್ಲ, ಹಿಂದಿನ ಪುಟಗಳಿಂದ ಬರೆದದ್ದೆಂಬುದನ್ನೂ ಹೇಳಿದೆ.

ಕಾಕಾ ಎದುರಿನ ರಸ್ತೆಯ ಕಡೆ ನೋಡಿದರು. ‘ಹಂಗಾರ ಒಬ್ಬಾಕಿನೇ’ ಎಂದರು. ‘ಆರು ವರ್ಷ ಖಾಲಿಪೀಲಿ ಇಬ್ರು ಅಂತ ಹೇಳ್ಕೋತ ತಿರಗೀನಿ.’

ಆಮೇಲೆ ಮೂಲೆಯಲ್ಲಿದ್ದ ತಮ್ಮ ಪೇಟಿಯನ್ನು ಎಳೆದುಕೊಂಡರು. ಕೂಡು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ನಾನು ಡೈರಿಯನ್ನು ಚೀಲಕ್ಕೆ ಹಾಕಿ, ಪೆನ್ನನ್ನೂ ಹಾಕಿ, ಚೀಲವನ್ನು ಬಾಗಿಲ ಹೊರಗಿಟ್ಟು ಬಂದು ಕೂತೆ.

ಎಷ್ಟು ಹೊತ್ತು ನುಡಿಸಿದರೋ ನನಗೆ ಗೊತ್ತಿಲ್ಲ. ಗಡಿಯಾರ ನೋಡಲಿಲ್ಲ. ಮೊದಮೊದಲು ಬರಿಯ ಸದ್ದು ಕೇಳಿಸಿತು, ತಿದಿಯ ಉಸಿರು ಕೇಳಿಸಿತು. ಆಮೇಲೆ ಒಂದು ಸ್ವರ ಇನ್ನೊಂದನ್ನು ಬಿಟ್ಟು ಹೋಗಲು ಮನಸ್ಸಿಲ್ಲದೆ ಸುತ್ತಿ ಸುತ್ತಿ ಬರುವುದು ಕೇಳಿಸಿತು. ಎರಡು ವರ್ಷ ಪಕ್ಕದಲ್ಲಿ ಕೂತಿದ್ದೆನಲ್ಲ, ಇದು ಆಗಲೂ ಇತ್ತೇ ಎಂದುಕೊಂಡೆ. ಆಗಲೇ ಇನ್ನೊಂದೂ ಕೇಳಿಸಿತು. ಒಂದು ಜಾಗಕ್ಕೆ ಬಂದಾಗಲೆಲ್ಲ, ಅನ್ನದಲ್ಲಿ ಸಣ್ಣ ಕಲ್ಲು ಹಲ್ಲಿಗೆ ಸಿಕ್ಕ ಹಾಗೆ. ಅವರ ಬೆರಳು ನೋಡಿದೆ. ಮತ್ತೆ ಬಂತು. ಮತ್ತೆ ನೋಡಿದೆ.

ನುಡಿಸಿ ಮುಗಿದಾಗ, ‘ಕಾಕಾ, ಬಿಳಿ ಆರು ಜರಾ ಇಳದದ್ರಿ’ ಎಂದೆ.

ಅವರು ನನ್ನನ್ನು ನೋಡಿದರು. ‘ನಾ ಮೇಣ ಹಚ್ಚಿಲ್ಲಲ್ಲೊ’ ಎಂದರು. ಬಿಳಿ ಆರನ್ನು ಒತ್ತಿ ಹಿಡಿದರು. ಪಕ್ಕದ ಮನೆ ಒತ್ತಿದರು. ತಲೆ ಬಗ್ಗಿಸಿ ಎಡಗಿವಿಯನ್ನು ಪೇಟಿಗೆ ತಾಗಿಸಿ ಕೇಳಿದರು. ಬಲಗಿವಿಯನ್ನು ತಾಗಿಸಿ ಕೇಳಿದರು. ಆಮೇಲೆ ನಿಧಾನವಾಗಿ ಹಲಗೆ ಎತ್ತಿ, ಹಿತ್ತಾಳೆಯ ನಾಲಿಗೆಯ ಮೇಲೆ ಕೂತಿದ್ದ ಧೂಳನ್ನು ಕುಂಚದಿಂದ ಒರೆಸಿ, ತುದಿಯನ್ನು ಸಣ್ಣ ಅರದಿಂದ ಎರಡು ಸಲ ಎಳೆದರು.

‘ಈಗ?’ ಎಂದರು.

‘ಇನ್ನಾ ಜರಾ.’

ಮತ್ತೊಮ್ಮೆ ಎಳೆದರು. ಈ ಸಲ ತಾವು ಕೇಳಲಿಲ್ಲ, ಮನೆಯನ್ನು ಒತ್ತಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹೌದು ಎಂದು ತಲೆಯಾಡಿಸಿದೆ. ಅವರು ಹಲಗೆ ಮುಚ್ಚಿ ಬಾಗಿಲ ಹೊರಗಿದ್ದ ನನ್ನ ಚೀಲದ ಕಡೆ ಕೈ ತೋರಿಸಿದರು.

‘ಹೋಗಿ ಬರ್ಕೋ’ ಎಂದರು. ‘ಇಬ್ರು.’